ಪುಷ್ಯ ಮೂರು ಘಳಿಗೆ

ರಾಮನವಮಿಯ ಮರುದಿನ ನಾನು ಏಳುವ ಹೊತ್ತಿಗೆ ಅತ್ತೆ ಬಾವಿಯಿಂದ ನೀರು ಸೇದಿ ಬಚ್ಚಲ ಹಂಡೆ ತುಂಬಿಸಿಯಾಗಿತ್ತು. ಒಂದು ತಿಂಗಳಿಂದ ಆ ಮನೆಯಲ್ಲಿ ನೀರು ಸೇದುವ ಕೆಲಸ ನನ್ನದಾಗಿರಲಿಲ್ಲ. ಅಂಗಳಕ್ಕೆ ನೀರು ಚಿಮುಕಿಸಿ, ನಾಲ್ಕು ಎಳೆಯ ರಂಗೋಲಿ ಹಾಕಿ, ಒಲೆ ಹೊತ್ತಿಸಿ ಹಾಲಿಟ್ಟೆ. ಹಿಂದಿನ ದಿನ ಪಾನಕ ಮಾಡಿದ ಪಾತ್ರೆ ಮೂಲೆಯಲ್ಲಿತ್ತು; ತಳದಲ್ಲಿ ಏಲಕ್ಕಿ ಸಿಪ್ಪೆ, ಅಂಚಿನಲ್ಲಿ ಇರುವೆಯ ಸಾಲು. ಪಕ್ಕದ ಮನೆಯಲ್ಲಿ ಯಾರೋ ಬಾಯಿ ಮುಕ್ಕಳಿಸುವ ಸದ್ದು ಕೇಳುತ್ತಿತ್ತು. ದಿನವೂ ಹಾಲು ಉಕ್ಕಿದ ಕೂಡಲೇ ಅತ್ತೆಗೆ ಕಾಫಿ ಬೆರೆಸಿಕೊಡುತ್ತಿದ್ದೆ. ಅಂದು ಹಾಲು ಇಳಿಸಿ ಮುಚ್ಚಿಟ್ಟೆ. ಅತ್ತೆ ಕಾಫಿ ಕೇಳಲಿಲ್ಲ, ನನಗೂ ಕುಡಿ ಅನ್ನಲಿಲ್ಲ. ಆ ದಿನ ನನ್ನ ಬಾಯಿಗೆ ಮೊದಲು ಬೀಳಬೇಕಾದದ್ದು ಬೇರೆ ಇತ್ತು. ಮದುವೆಯಲ್ಲಿ ಅಪ್ಪ ಕೊಟ್ಟಿದ್ದ ಕೈಗಡಿಯಾರಕ್ಕೆ ಕೀ ಕೊಟ್ಟು, ಕಿವಿಗಿಟ್ಟು ನೋಡಿ ಕಟ್ಟಿಕೊಂಡೆ.

ಅದು ನನ್ನ ಮೂರನೆಯ ಬಸಿರು. ಮೊದಲಿನ ಎರಡೂ ಮೂರನೆಯ ತಿಂಗಳು ದಾಟಿರಲಿಲ್ಲ. ಮೊದಲ ಸಲ ಎಲ್ಲರೂ ಸಮಾಧಾನ ಹೇಳಿದರು. ಎರಡನೆಯ ಸಲ ಯಾರೂ ಏನೂ ಹೇಳಲಿಲ್ಲ, ಅದು ಮೊದಲಿನದಕ್ಕಿಂತ ಕಷ್ಟವಾಗಿತ್ತು. ಈ ಸಲ ಅತ್ತೆಗೂ ಮನೆಯವರಿಗೂ ಬಿಟ್ಟು ಊರಿನಲ್ಲಿ ಮೂರನೆಯವರಿಗೆ ಗೊತ್ತಿರಲಿಲ್ಲ. ಮೂರು ತುಂಬುವವರೆಗೆ ಬಾಯಿ ಬಿಡುವುದು ಬೇಡ ಎಂದು ಅತ್ತೆ ಕಟ್ಟಪ್ಪಣೆ ಮಾಡಿದ್ದರು. ಎರಡನೆಯ ತಿಂಗಳು ಮುಗಿಯುತ್ತಾ ಬಂದಿತ್ತು. ನಾನು ರಾತ್ರಿ ಮಗ್ಗುಲು ಬದಲಿಸುವುದಕ್ಕೂ ಹೆದರುತ್ತಿದ್ದೆ.

ಮೈಸೂರು ರಾಜ್ಯ ಒಂದಾಗಿ ಒಂದೆರಡು ವರ್ಷವಾಗಿತ್ತು ಆಗ. ನನ್ನ ಯಜಮಾನರು ಸರ್ವೆ ಇಲಾಖೆಯಲ್ಲಿದ್ದರು. ನಮ್ಮ ಸಂಸಾರ ಶಿಕಾರಿಪುರದಲ್ಲಿ, ಅವರ ಕ್ಯಾಂಪು ಸೊರಬದ ಹಳ್ಳಿಗಳಲ್ಲಿ. ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಅತ್ತೆಯ ತವರು ಸೊರಬದ ಕಡೆ. ಅಲ್ಲಿ ಉಳವಿಯ ಹತ್ತಿರ ಒಬ್ಬ ವಯಸ್ಸಾದ ಪಂಡಿತರಿದ್ದರು, ನಿಲ್ಲದ ಬಸಿರಿಗೆ ಅವರ ಮದ್ದು ಆಗಿಬರುತ್ತದೆ ಎಂದು ಅತ್ತೆ ಯುಗಾದಿ ಕಳೆದ ಕೂಡಲೇ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರು. ಬಸ್ಸು ಕುಲುಕಿದಾಗಲೆಲ್ಲ ನನ್ನ ಹೊಟ್ಟೆಯ ಮುಂದೆ ತಮ್ಮ ಕೈ ಅಡ್ಡ ಹಿಡಿಯುತ್ತಿದ್ದರು, ಮುಂದಿನ ಸೀಟು ಎದ್ದು ಬಂದು ನನಗೆ ಹೊಡೆಯುತ್ತದೇನೋ ಅನ್ನುವ ಹಾಗೆ.

ಪಂಡಿತರ ಜಗುಲಿಯ ಮೇಲೆ ಹಗ್ಗ ಕಟ್ಟಿ ಬೇರು ತೊಗಟೆಗಳನ್ನು ನೇತುಹಾಕಿದ್ದರು. ನಾಡಿ ಹಿಡಿದು ನೋಡಿ, ಆಮೇಲೆ ಅತ್ತೆಯ ಕಡೆಗೆ ತಿರುಗಿ ಹೇಳಿದರು.

"ಮದ್ದು ನನ್ನ ಹತ್ರ ಇಲ್ಲ ಅಮ್ಮ. ನೀವೇ ತರಬೇಕು. ಆಲದ ಕುಡಿ. ದನ ಕಟ್ಟೋ ಜಾಗದಲ್ಲಿ ಹುಟ್ಟಿದ ಆಲ ಆಗಬೇಕು. ಪೂರ್ವದ ಕೊಂಬೆಯದು ಒಂದು, ಉತ್ತರದ ಕೊಂಬೆಯದು ಒಂದು. ಹುಳ ಮುಟ್ಟಿರಬಾರದು, ಹರಿದಿರಬಾರದು. ಎರಡು ಉದ್ದಿನಕಾಳು, ಎರಡು ಬಿಳಿ ಸಾಸಿವೆ ಕೂಡಿಸಿ ಮೊಸರಲ್ಲಿ ಅರೆದು ಖಾಲಿ ಹೊಟ್ಟೆಗೆ ಕೊಡಿ."

"ಇವತ್ತೇ ಕೊಡಬಹುದಾ?" ಎಂದರು ಅತ್ತೆ.

ಅವರು ನಕ್ಕರು. "ಇವತ್ತು ಕಿತ್ರೆ ಅದು ದನಕ್ಕೆ ಮೇವು ಅಷ್ಟೇ. ನೋಡಿ, ಬೇರಿಗೆ ಬೇಸಿಗೆ, ತೊಗಟೆಗೆ ಶರದೃತು, ಚಿಗುರಿಗೆ ವಸಂತ. ಗಿಡ ತನ್ನ ಸತ್ವ ಯಾವ ಕಾಲಕ್ಕೆ ಎಲ್ಲಿಡ್ತದೋ ಅಲ್ಲೇ ನಾವು ಕೈ ಹಾಕಬೇಕು. ಋತು ನಿಮ್ಮ ಪುಣ್ಯಕ್ಕೆ ಸರಿಯಾಗಿದೆ. ಇನ್ನು ನಕ್ಷತ್ರ. ಪುಷ್ಯದಲ್ಲೇ ಕೀಳಬೇಕು, ಬೇರೆ ಯಾವುದೂ ನಡೆಯಲ್ಲ. ರಾಮನವಮಿ ಮಾರನೇ ದಿನ ಗುರುವಾರ, ಪುಷ್ಯ ಇದೆ. ಎಷ್ಟು ಘಳಿಗೆ ಅನ್ನೋದು ಪಂಚಾಂಗದಲ್ಲಿ ನೋಡ್ಕೊಳ್ಳಿ. ಅದು ತಪ್ಪಿದ್ರೆ ಮತ್ತೆ ಇಪ್ಪತ್ತೇಳು ದಿನ. ಅಷ್ಟು ಹೊತ್ತಿಗೆ ಮೂರನೇ ತಿಂಗಳು ಮುಗೀತಾ ಬಂದಿರ್ತದೆ, ಕೊಟ್ಟೂ ಪ್ರಯೋಜನ ಇಲ್ಲ. ಮನೇಲಿ ಪಂಚಾಂಗ ಓದೋರಿದಾರಾ?"

"ಮಗ ಕ್ಯಾಂಪಲ್ಲಿದಾನೆ. ಸೊಸೆ ಓದಿದಾಳೆ," ಎಂದರು ಅತ್ತೆ. "ಕಾನ್ವೆಂಟಲ್ಲಿ."

ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ನನ್ನ ಓದಿನ ಬಗ್ಗೆ ಅವರು ಹೆಮ್ಮೆಯಿಂದ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು.

ಊರಿಗೆ ಬಂದು ಗೂಟಕ್ಕೆ ನೇತುಹಾಕಿದ್ದ ಪಂಚಾಂಗ ಇಳಿಸಿಕೊಂಡೆ. ಅಲ್ಲಿಯವರೆಗೆ ಅದನ್ನು ಧೂಳು ಒರೆಸುವುದಕ್ಕಷ್ಟೇ ಮುಟ್ಟಿದ್ದೆ. ಗುರುವಾರದ ಸಾಲಿನಲ್ಲಿ ಪುಷ್ಯ, ಅದರ ಮುಂದೆ ಮೂರು, ಹದಿನೈದು; ಮೂರು ಘಳಿಗೆ, ಹದಿನೈದು ವಿಘಳಿಗೆ. ಹಿಂದಿನ ದಿನದ ಸಾಲಿನಲ್ಲಿ ಪುನರ್ವಸು. ಅರವತ್ತು ವಿಘಳಿಗೆಗೆ ಒಂದು ಘಳಿಗೆ, ಒಂದು ಘಳಿಗೆಗೆ ಇಪ್ಪತ್ತನಾಲ್ಕು ನಿಮಿಷ ಎಂದು ನನಗೆ ಗೊತ್ತಿತ್ತು. ಹಳೆಯ ಲಕೋಟೆಯ ಹಿಂದೆ ಲೆಕ್ಕ ಮಾಡಿದೆ. ಎಪ್ಪತ್ತೆಂಟು ನಿಮಿಷ. ಸೂರ್ಯೋದಯ ಆರು ಇಪ್ಪತ್ತು. ಅಲ್ಲಿಗೆ ಏಳು ಮೂವತ್ತೆಂಟು.

"ಅತ್ತೆ, ಗುರುವಾರ ಬೆಳಿಗ್ಗೆ ಏಳು ಗಂಟೆ ಮೂವತ್ತೆಂಟು ನಿಮಿಷಕ್ಕೆ ಪುಷ್ಯ ಬರುತ್ತೆ," ಎಂದೆ.

"ಅಷ್ಟು ಕರಾರುವಾಕ್ಕಾಗಿ ನನ್ನ ಮಗನೂ ಹೇಳಲ್ಲ," ಎಂದರು ಅತ್ತೆ.

ಶಿಕಾರಿಪುರದಲ್ಲಿ ಆಲದ ಮರಕ್ಕೇನು ಬರವಿರಲಿಲ್ಲ. ಆದರೆ ದನ ಕಟ್ಟುವ ಜಾಗದಲ್ಲಿ ಹುಟ್ಟಿದ್ದು ಒಂದೇ, ದನದ ದೊಡ್ಡಿಯ ಒಳಗಿನದು. ಬೀದಿ ಸುತ್ತುವ, ಗದ್ದೆಗೆ ನುಗ್ಗಿದ ದನಗಳನ್ನು ಹಿಡಿದು ಕೂಡುವ ದೊಡ್ಡಿ ಅದು. ಗೋಡೆಯ ಬಿರುಕಿನಲ್ಲಿ ಹುಟ್ಟಿ ಗೋಡೆಯನ್ನೇ ನುಂಗಿಕೊಂಡು ಬೆಳೆದಿದ್ದ ಮರ, ಎತ್ತರವೇನಿಲ್ಲ. ರಾಮನವಮಿಯ ಸಂಜೆ ಕೋಸಂಬರಿ ಹಂಚಿ ಮುಗಿದ ಮೇಲೆ ಅತ್ತೆ ಅಲ್ಲಿಗೆ ಹೋಗಿ ಗೇಟಿನ ಸಂದಿಯಿಂದ ಮರಕ್ಕೆ ಅಕ್ಷತೆ ಎರಚಿ, ನಾಳೆ ಬರುತ್ತೇವೆ, ಎರಡು ಕುಡಿ ಕೊಡು, ನಮ್ಮ ಮನೆಯ ಜೀವ ಉಳಿಸು ಎಂದು ಕೇಳಿಕೊಂಡು ಬಂದಿದ್ದರು. ಹೇಳದೆ ಕೇಳದೆ ಕಿತ್ತರೆ ಗಿಡ ಮದ್ದನ್ನು ಒಳಗೆಳೆದುಕೊಳ್ಳುತ್ತದಂತೆ.

ಆ ಗುರುವಾರ ಆರೂಕಾಲಿಗೆಲ್ಲ ನಾವಿಬ್ಬರೂ ದೊಡ್ಡಿಯ ಮುಂದಿದ್ದೆವು. ಅತ್ತೆ ಒದ್ದೆ ಸೀರೆಯ ಮಡಿಯಲ್ಲಿದ್ದರು, ಕೈಯಲ್ಲಿ ಬಾಳೆಯ ದೊನ್ನೆ. ದೊಡ್ಡಿ ಕಾಯುವವನು ಬೇವಿನ ಕಡ್ಡಿ ಕಚ್ಚಿಕೊಂಡು ಬಂದು ಬೀಗ ತೆಗೆದ.

"ಬರ್ರಿ ಅವ್ವಾರ. ಎಷ್ಟು ಬೇಕೋ ಹರ್ಕೊಳ್ರಿ. ಸರ್ಕಾರದ ಮರ, ಕೇಳೋರಿಲ್ಲ."

ಅತ್ತೆ ನನ್ನ ಮುಖ ನೋಡಿದರು. ನಾನು ಗಡಿಯಾರ ನೋಡಿ ತಲೆಯಾಡಿಸಿದೆ. ಇನ್ನೂ ಇಲ್ಲ.

"ಇನ್ನೂ ಒಂದು ಗಂಟೆ ಮೇಲೆ ಕಾಯಬೇಕಪ್ಪ," ಎಂದರು ಅತ್ತೆ. "ಪುಷ್ಯ ಬರಬೇಕು."

"ಯಾರು ಬರಬೇಕ್ರಿ?"

"ನಕ್ಷತ್ರ."

"ಹೊತ್ತು ಮೂಡಿದ ಮ್ಯಾಲೆ ಎಂಥಾ ನಕ್ಷತ್ರ ಅವ್ವಾ," ಎಂದು ಅವನು ಗೋಡೆಗೊರಗಿ ಕೂತ. "ಇರ್ಲಿ, ಕಾಯ್ರಿ. ಮರ ಎಲ್ಲೂ ಹೋಗೂದಿಲ್ಲ. ಎಂಟಕ್ಕೆ ದನ ಬಿಡ್ಸಾಕ ಮಂದಿ ಬರ್ತಾರ, ಅದರೊಳಗ ಮುಗಿಸ್ರಿ."

ಒಳಗೆ ಏಳೆಂಟು ದನ, ಒಂದು ಹೋರಿ. ಹೋರಿ ಹಗ್ಗವನ್ನು ಎಳೆದೆಳೆದು ಗೂಟ ಅಲುಗಾಡಿಸುತ್ತಿತ್ತು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದಾಗ ಅವನು ನಕ್ಕ. "ಈಸೂರದ್ದು ಅವ್ವಾ, ನಲವತ್ತೆರಡರಾಗ ಸ್ವತಂತ್ರ ಸಾರಿದ ಊರಿಂದು. ಸರ್ಕಾರದ ಹಗ್ಗಕ್ಕ ಬಗ್ಗೂ ಪೈಕಿ ಅಲ್ಲ."

ನಾವು ಕಾದೆವು. ಸೂರ್ಯ ಗೋಡೆಯ ಮೇಲೆ ಬಂದು ಮರದ ಪೂರ್ವದ ಮಗ್ಗುಲಿಗೆ ಬಿದ್ದಾಗ ಕುಡಿಗಳೆಲ್ಲ ಒಂದೊಂದಾಗಿ ಕಾಣತೊಡಗಿದವು. ಬೆರಳಿನ ತುದಿಯಂತೆ ಚೂಪು, ಹೊರಗೆ ತಿಳಿ ಕೆಂಪಿನ ಪೊರೆ, ಒಂದೆರಡರಲ್ಲಿ ಪೊರೆ ಬಿರಿದು ಹಸಿರು ಇಣುಕುತ್ತಿತ್ತು. ನಾನು ಕಣ್ಣಿನಲ್ಲೇ ಎರಡನ್ನು ಆರಿಸಿಟ್ಟುಕೊಂಡೆ. ಏಳು ಗಂಟೆಯ ಸುಮಾರಿಗೆ ಒಂದು ಕಂದು ಕಡಸು ಎದ್ದು ಬಂದು ಕತ್ತು ಚಾಚಿ, ಉತ್ತರದ ಕೊಂಬೆಯ ಕೆಳಗಿನ ಕುಡಿಗಳನ್ನು ನಾಲಗೆ ಸುತ್ತಿ ಎಳೆದು ತಿನ್ನತೊಡಗಿತು. ನಾನು ಆರಿಸಿಟ್ಟಿದ್ದೂ ಹೋಯಿತು. ಅತ್ತೆ ಹಚಾ ಹಚಾ ಎಂದು ಅಟ್ಟಿದರು. ಅದು ಅಗಿಯುತ್ತಲೇ ನಮ್ಮನ್ನು ನೋಡಿತು.

"ಈಗಲೇ ಕಿತ್ತುಬಿಡಲಾ?" ಅತ್ತೆ ಪಿಸುಗುಟ್ಟಿದರು. "ಇನ್ನೆರಡು ಉಳಿದಿದೆ ಆ ಕೊಂಬೇಲಿ. ಅದನ್ನೂ ತಿಂದ್ರೆ?"

"ಬೇಡ ಅತ್ತೆ, ಇನ್ನು ಮೂವತ್ತು ನಿಮಿಷ. ಇಷ್ಟು ಕಾದು ಈಗ ಕೆಡಿಸೋದು ಬೇಡ."

ಆ ಮೂವತ್ತು ನಿಮಿಷ ಅತ್ತೆ ಕಡಸಿಗೂ ಮರಕ್ಕೂ ನಡುವೆ ಕೈ ಚಾಚಿಕೊಂಡು ನಿಂತರು, ಅರವತ್ತು ದಾಟಿದ ಹೆಂಗಸು. ಕಾವಲಿನವನು ತಮಾಷೆ ಮಾಡುವುದನ್ನು ಬಿಟ್ಟು ತಾನೇ ಎದ್ದು ಬಂದು ಕಡಸನ್ನು ಆಚೆ ಕಟ್ಟಿದ. ಮುಳ್ಳು ಏಳು ಮೂವತ್ತೆಂಟರ ಮೇಲೆ ಬಂದಾಗ ನಾನು ಕೈ ಎತ್ತಿದೆ. ಅತ್ತೆ ಪೂರ್ವಕ್ಕೆ ಕೈ ಮುಗಿದು, ಉಗುರು ತಾಗಿಸದೆ ಒಂದು ಕುಡಿ ಮುರಿದರು. ಆಮೇಲೆ ಉತ್ತರದ ಕೊಂಬೆ. ಅದನ್ನು ಮುರಿದು ಒಂದು ಕ್ಷಣ ನೋಡಿ ದೊನ್ನೆಯಲ್ಲಿಟ್ಟು ಸೆರಗು ಮುಚ್ಚಿದರು. ಮನೆಯವರೆಗೆ ಇಬ್ಬರೂ ಮಾತಾಡಲಿಲ್ಲ, ಮಾತಾಡಬಾರದು. ನನಗೆ ಎಷ್ಟೋ ದಿನದ ಮೇಲೆ ಕಾಲು ಹಗುರವಾಗಿತ್ತು.

ಮೊಸರು ಹಾಕಿ ಸಣ್ಣ ಕಲ್ಲಿನ ಮೇಲೆ ನಾನೇ ಅರೆಯುತ್ತಿದ್ದೆ. ಕುಡಿಯ ಹಾಲು ಅಂಟಂಟಾಗಿ ಗುಂಡುಕಲ್ಲಿಗೆ ಮೆತ್ತಿಕೊಳ್ಳುತ್ತಿತ್ತು. ಅತ್ತೆ ಎದುರಿಗೆ ಕೂತು ನನ್ನ ಮುಖ ನೋಡಿ, "ಹಸಿವಾಗಿರಬೇಕು ನಿಂಗೆ," ಎಂದರು. "ಎಂಟು ಗಂಟೆ ಆಯ್ತು. ಆವತ್ತೇ ವಾಸಿ, ಯುಗಾದಿ ಹಿಂದಿನ ದ್ವಾದಶಿ. ಎರಡೇ ಘಳಿಗೆ ಇದೆ, ಬೇಗ ಬೇಗ ಅಂತ ಅವನು ಗಡಿಬಿಡಿ ಮಾಡಿ, ಹೊತ್ತು ಹುಟ್ಟುತ್ತಲೇ ಎಲೆ ಹಾಕಿಸಿ ಊಟ ಮಾಡಿಸಿಬಿಟ್ಟ. ಅನ್ನ ಇನ್ನೂ ಅರಳಿರಲಿಲ್ಲ."

ನನ್ನ ಕೈ ನಿಂತಿತು.

ಎರಡೇ ಘಳಿಗೆ ಇದೆ. ಆ ದಿನ ಪಂಚಾಂಗ ಹಿಡಿದುಕೊಂಡು ನನ್ನ ಯಜಮಾನರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದು ಕಣ್ಣಿಗೆ ಕಟ್ಟಿತು. ದ್ವಾದಶಿಯ ಮುಂದೆ ಎರಡು ಎಂದು ಬರೆದಿತ್ತು. ಏಕಾದಶಿಯ ಉಪವಾಸ ಬಿಡುವವರು ದ್ವಾದಶಿ ಮುಗಿಯುವುದರೊಳಗೆ ಉಣ್ಣಬೇಕು. ಎರಡು ಎಂದರೆ ಮುಗಿಯುವ ಹೊತ್ತು. ಅಂಕಿ ಯಾವಾಗಲೂ ಮುಗಿಯುವ ಹೊತ್ತೇ.

ನಾನು ಓದಿದ ಕಾನ್ವೆಂಟಿನ ಊಟದ ಮನೆಯ ಗೋಡೆಗೆ ವೇಳಾಪಟ್ಟಿ ಹಚ್ಚಿರುತ್ತಿದ್ದರು. ಪ್ರಾರ್ಥನೆ ಆರು, ಪಾಠ ಎಂಟು, ಹೊಲಿಗೆ ಮೂರು. ಹೆಸರಿನ ಮುಂದಿನ ಅಂಕಿ ಎಂದರೆ ಅದು ಶುರುವಾಗುವ ಹೊತ್ತು. ಬೇರೆ ಥರ ಇರಬಹುದು ಎಂದು ನನ್ನ ತಲೆಗೆ ಬಂದಿರಲೇ ಇಲ್ಲ. ಹಿಂದಿನ ದಿನ ಹೊತ್ತೇರುತ್ತಲೇ ಪುಷ್ಯ ಬಂದಿತ್ತು. ನಾನು ಹೆಸರುಬೇಳೆ ತೊಳೆಯುವಾಗ, ಸೌತೆಕಾಯಿ ಹೆಚ್ಚುವಾಗ, ಪಾನಕಕ್ಕೆ ಬೆಲ್ಲ ಕರಗಿಸುವಾಗ, ರಾತ್ರಿ ಮಲಗಿದ್ದಾಗ ಇಡೀ ಹೊತ್ತು ಪುಷ್ಯವೇ ಇತ್ತು. ಬೆಳಿಗ್ಗೆ ಕಾವಲಿನವನು ಬೀಗ ತೆಗೆದು ಬರ್ರಿ ಎಂದಾಗಲೂ ಇತ್ತು. ಅದು ಮುಗಿಯುವವರೆಗೆ ಗಡಿಯಾರ ನೋಡುತ್ತ ನಾನೇ ಎಲ್ಲರನ್ನೂ ತಡೆದು ನಿಲ್ಲಿಸಿ, ಮುಗಿದ ನಿಮಿಷಕ್ಕೆ ಸರಿಯಾಗಿ ಕೈ ಎತ್ತಿದ್ದೆ. ಕುಡಿ ಮುರಿದದ್ದು ಪುಷ್ಯ ಕಳೆದು ಬರುವ ಆಶ್ಲೇಷದಲ್ಲಿ.

"ಯಾಕೆ ನಿಲ್ಲಿಸಿದೆ? ನುಣ್ಣಗಾಯ್ತಾ?" ಎಂದರು ಅತ್ತೆ.

"ಆಯ್ತು ಅತ್ತೆ."

ಅವರು ಮಕ್ಕಳಿಗೆ ಮದ್ದು ಹಾಕುವ ಬೆಳ್ಳಿಯ ಒಳಲೆಗೆ ಅದನ್ನು ಬಳಿದು ನನ್ನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿದೆ. ಇಪ್ಪತ್ತೇಳು ದಿನ. ಅಷ್ಟರಲ್ಲಿ ಕೊಟ್ಟೂ ಪ್ರಯೋಜನವಿಲ್ಲ. ಹೇಳಿದರೆ ಅತ್ತೆಯ ಕೈಯಲ್ಲಿದ್ದ ಈ ಒಳಲೆ ಬರೀ ಮೊಸರಾಗುತ್ತದೆ. ಹೇಳದಿದ್ದರೆ ಅವರ ಪಾಲಿಗಾದರೂ ಮದ್ದಾಗಿರುತ್ತದೆ. ಅವರ ನಂಬಿಕೆಯೇ ನನ್ನೊಳಗೆ ಇಳಿದು ಏನಾದರೂ ಹಿಡಿದು ನಿಲ್ಲಿಸಬಹುದು. ನಾನು ಬಾಯಿ ತೆರೆದೆ. ಹುಳಿ, ಆಮೇಲೆ ಒಗರು, ನಾಲಗೆಯ ಬುಡದಲ್ಲಿ ಸಾಸಿವೆಯ ಘಾಟು. ಅತ್ತೆ ಒಳಲೆಯ ಅಂಚನ್ನು ಬೆರಳಿನಿಂದ ಸವರಿ ಕಡೆಯ ತೊಟ್ಟನ್ನೂ ಬಿಡದೆ ಹಾಕಿದರು.

ಅವರು ಮಲಗಿದ ಮೇಲೆ ಮಧ್ಯಾಹ್ನ ಮತ್ತೆ ಪಂಚಾಂಗ ತೆಗೆದೆ. ನನ್ನ ನೆನಪು ಸುಳ್ಳಾಗಿರಲಿ ಎಂದುಕೊಂಡು ಮುನ್ನುಡಿಯ ಪುಟದಿಂದ ಓದಿದೆ. ಅಲ್ಲಿ ಸ್ಪಷ್ಟವಾಗಿ ಬರೆದಿತ್ತು, ತಿಥಿ ನಕ್ಷತ್ರಗಳ ಮುಂದಿನ ಅಂಕಿಗಳು ಅವುಗಳ ಅಂತ್ಯಕಾಲವನ್ನು ತಿಳಿಸುತ್ತವೆ ಎಂದು. ಮೊದಲ ಪುಟದಲ್ಲೇ ಇತ್ತು. ಮುಂದಿನ ತಿಂಗಳ ಪುಷ್ಯವನ್ನು ಬೆರಳಿಟ್ಟು ಹುಡುಕಿದೆ, ಒಂದು ದಿನವಾದರೂ ಹಿಂದೆ ಬಂದಿರಬಹುದೇ ಎಂದು ಎರಡು ಸಲ ಎಣಿಸಿದೆ. ಆಮೇಲೆ ಏನು ತೋಚಿತೋ, ಮನೆಯವರಿಗೆ ಕಾಗದ ಹಾಕಿ ಬರುತ್ತೇನೆಂದು ಬಾಗಿಲಿನ ಹತ್ತಿರ ಮೆಲ್ಲಗೆ ಹೇಳಿ, ಅತ್ತೆ ಹೂಂ ಅಂದರೋ ಇಲ್ಲವೋ, ಬಸ್‌ಸ್ಟ್ಯಾಂಡಿಗೆ ನಡೆದೆ. ಪಂಡಿತರ ಕಾಲು ಹಿಡಿದು ಕೇಳಬೇಕು, ಆಶ್ಲೇಷದಲ್ಲಿ ಕಿತ್ತದ್ದಕ್ಕೆ ಏನಾದರೂ ಪರಿಹಾರವಿದೆಯೇ, ಬೇರೆ ಬೇರಿದೆಯೇ, ಬೇರೆ ನಕ್ಷತ್ರವಿದೆಯೇ ಎಂದು. ಸೊರಬದ ಬಸ್ಸು ನಿಂತಿತ್ತು. ಕಂಡಕ್ಟರು ಮೇಲೆ ಗಂಟುಮೂಟೆ ಕಟ್ಟಿಸುತ್ತಿದ್ದ.

"ಉಳವಿಗೆ ಹೋಗಿ ಇವತ್ತೇ ವಾಪಸು ಬರಬಹುದಾ?" ಎಂದೆ.

"ಇವತ್ತು ಹೋಗಬಹುದು ಅಮ್ಮ. ಬರೋದು ನಾಳೆ," ಎಂದ. ನನ್ನ ಬರಿಗೈ ನೋಡಿ, "ಜೊತೆಗೆ ಯಾರೂ ಇಲ್ವಾ?" ಎಂದ.

ನಾನು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದೆ. ಕುಲುಕಾಟ ನೆನಪಾಯಿತು. ಅಡ್ಡ ಹಿಡಿಯುವ ಕೈ ಜೊತೆಗಿರಲಿಲ್ಲ. ಕಾಲು ತೆಗೆದೆ. ಬಸ್ಸು ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಹಿಂದಿರುಗಿ ಬರುವಾಗ ಸೊಂಟದಲ್ಲಿ ನೋವು ಕಾಣಿಸಿತು. ಬಿಸಿಲಿಗೆ ನಡೆದದ್ದಕ್ಕೆ ಎಂದುಕೊಂಡೆ. ನೋವಿನ ಹೆಜ್ಜೆ ನನಗೆ ಪರಿಚಯವಿದ್ದರೂ ಬಿಸಿಲಿಗೆ ಎಂದೇ ಹೇಳಿಕೊಂಡು, ಗೋಡೆಯ ನೆರಳು ಹಿಡಿದು, ನಿಧಾನ ನಿಧಾನವಾಗಿ ಬಂದೆ.

ದೀಪ ಹಚ್ಚುವುದಕ್ಕೆ ಮುಂಚೆಯೇ ಗೊತ್ತಾಯಿತು. ಬಚ್ಚಲಿನಿಂದ ಹೊರಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅತ್ತೆ ನನ್ನ ಮುಖ ನೋಡಿದರು. ಹಿತ್ತಿಲ ಜಗುಲಿಯಲ್ಲಿ ಚಾಪೆ ಹಾಸಿ, ಹಳೆಯ ಸೀರೆ ಹರಿದು ಮಡಿಚಿ ಇಟ್ಟು, ನನ್ನನ್ನು ಗೋಡೆಗೊರಗಿಸಿ ಕೂರಿಸಿದರು. ಮಡಿ ಮೈಲಿಗೆ ನೋಡದೆ ನನ್ನ ಪಾದ ಹಿಡಿದುಕೊಂಡು ಕೂತರು.

"ನಾನು ನಿಂಗೆ ಹೇಳಲಿಲ್ಲ ಕಣೇ. ಆ ಉತ್ತರದ ಕುಡಿ ತುದಿ ಒಂಚೂರು ಹರಿದಿತ್ತು. ದನದ ನಾಲಗೆ ತಾಗಿತ್ತೋ ಏನೋ. ಅದರ ಪಕ್ಕದ್ದು ಸರಿಯಾಗೇ ಇತ್ತು. ಕಿತ್ತ ಮೇಲೆ ನೋಡಿದೆ. ಇನ್ನೊಂದು ಕೀಳಬೇಕಿತ್ತು. ದನ ಬಿಡಿಸೋರು ಬಂದುಬಿಡ್ತಾರೆ ಅಂತ, ಹೋಗಲಿ ಅಷ್ಟೇ ಅಲ್ವಾ ಅಂತ, ದೊನ್ನೆಗೆ ಹಾಕಿಬಿಟ್ಟೆ. ನನ್ನ ಕೈಯಾರೆ ಆಯ್ತು."

ಆಗ ನಾನು ಅಂಕಿಯ ವಿಷಯ ಹೇಳಬೇಕಿತ್ತು. ಅವರು ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಹಿಮ್ಮಡಿ ನೀವುತ್ತಿದ್ದರು. "ಇಲ್ಲ ಅತ್ತೆ, ನಿಮ್ಮಿಂದ ಅಲ್ಲ," ಎಂದಷ್ಟೇ ಅಂದೆ. ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡು ಅವರು ತಲೆಯಾಡಿಸಿದರು. ಆಮೇಲೆ ಅವರು ಹನ್ನೊಂದು ವರ್ಷ ಬದುಕಿದ್ದರು. ಮಕ್ಕಳಿಂದ ನನ್ನ ಮನೆ ತುಂಬಿದ್ದನ್ನೂ ನೋಡಿದರು. ಆದರೂ ಆಲದ ಮರದ ಕೆಳಗೆ ಹಾದುಹೋಗುವಾಗ ಒಂದು ಸಲವೂ ತಲೆಯೆತ್ತಿ ನೋಡುತ್ತಿರಲಿಲ್ಲ. ನಾನು ಹೇಳಲೇ ಇಲ್ಲ.

ಅತ್ತೆ ಸೂಲಗಿತ್ತಿಯನ್ನು ಕರೆತರಲು ಸೆರಗು ಹೊದ್ದು ಮುಂದಿನ ಬಾಗಿಲಿನಿಂದ ಹೋದರು. ನಾನು ಮಂಡಿ ಮಡಿಚಿ ಹೊಟ್ಟೆಗೆ ಒತ್ತಿಕೊಂಡು ಕೂತಿದ್ದೆ, ಹಾಗೆ ಒತ್ತಿ ಹಿಡಿದರೆ ಉಳಿದದ್ದಾದರೂ ಉಳಿದೀತು ಎನ್ನುವ ಹಾಗೆ. ಬೇಲಿಯ ಆಚೆ ಪಕ್ಕದ ಮನೆಯಾಕೆ ಒಣಗಿದ ಬಟ್ಟೆಗಳನ್ನು ತೆಗೆದು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದರು. ಚಾಪೆಯನ್ನೂ, ಪಕ್ಕದಲ್ಲಿ ಬೇರೆಯಾಗಿಟ್ಟಿದ್ದ ಚೊಂಬನ್ನೂ ನೋಡಿ ಒಂದು ಕ್ಷಣ ನಿಂತರು.

"ಓ, ಹೊರಗೆ ಕೂತೀರೇನ್ರೀ?" ಎಂದರು. "ಪುಣ್ಯವಂತರು ಬಿಡ್ರೀ. ಈ ಸೆಕೇಲಿ ಮೂರು ದಿನ ಒಲೆ ಮುಂದೆ ಬೇಯೋದು ತಪ್ಪಿತು."